ಗ್ರಾಫಿಕ್ಸ್ ಕಾರ್ಡ್ ಫ್ಯಾನಿನ ಸದ್ದು: ರೆಗ್ಯುಲೇಟರ್ ಬೇಕೋ, ಸಾಫ್ಟ್‌ವೇರ್ ಸಾಕೋ?

ತುಮಕೂರಿನಲ್ಲಿ ನಮ್ಮ ಸೋದರಮಾವನದು ಒಂದು ಫೋಟೋ ಸ್ಟುಡಿಯೋ ಇದೆ. ಮದುವೆ ಆಲ್ಬಂ ಡಿಸೈನ್ ಮಾಡುವ ಕಂಪ್ಯೂಟರಿನಲ್ಲಿ ಜಿಟಿ 710 ಅನ್ನುವ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಬಿಡಿಸುವ ಬೋರ್ಡ್), ಅದರ ಮೇಲೆ ಅರ್ಧ ಅಂಗೈಯಷ್ಟು ಫ್ಯಾನ್. ಬೆಳಗ್ಗೆ ಸ್ವಿಚ್ ಹಾಕಿದರೆ ರಾತ್ರಿ ಷಟರ್ ಎಳೆಯುವ ತನಕ ಅದು ಕುಂಯ್ ಅಂತ ಒಂದೇ ಸಮನೆ ಕೂಗುತ್ತಿತ್ತು. ಇತ್ತ ನನ್ನ ಮನೆಯಲ್ಲಿ ಜಿಟಿಎಕ್ಸ್ 1060 ಕಾರ್ಡ್. ಬರೆಯುವಾಗ, ಓದುವಾಗ ಸದ್ದೇ ಇಲ್ಲ. ಗೇಮ್ ಹಾಕಿದ ಹತ್ತು ನಿಮಿಷಕ್ಕೆ ಪಕ್ಕದ ರೂಮಿಗೂ ಕೇಳುವ ಹಾಗೆ ಬೀಸತೊಡಗುತ್ತಿತ್ತು. ಎರಡನ್ನೂ ಸುಮ್ಮನಾಗಿಸಿದ್ದೇನೆ. ಆದರೆ ಎರಡಕ್ಕೂ ಒಂದೇ ಮದ್ದು ನಡೆಯಲಿಲ್ಲ. ಯಾವ ಕಾರ್ಡಿಗೆ ಯಾವುದು ಅನ್ನುವುದನ್ನೇ ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಇಷ್ಟು. ಕಾರ್ಡಿಗೆ ತನ್ನ ಬಿಸಿ ಎಷ್ಟು ಅಂತ ಗೊತ್ತು. ಕೈಯಿಂದ ತಿರುಗಿಸುವ ರೆಗ್ಯುಲೇಟರಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಕಾರ್ಡೇ ಫ್ಯಾನನ್ನು ನೋಡಿಕೊಳ್ಳುವಂತಿದ್ದರೆ ಆ ಕೆಲಸವನ್ನು ಅದರಿಂದ ಕಿತ್ತುಕೊಳ್ಳಬೇಡಿ, ಹೇಗೆ ಮಾಡಬೇಕು ಅಂತ ಹೇಳಿಕೊಡಿ ಸಾಕು. ಕಾರ್ಡಿಗೆ ಆ ಶಕ್ತಿಯೇ ಇಲ್ಲದಿದ್ದಾಗ ಮಾತ್ರ ರೆಗ್ಯುಲೇಟರ್.

ಮೊದಲು ಸದ್ದು ಯಾವುದು ನೋಡಿ

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆಯಿರಿ. ಕಂಪ್ಯೂಟರ್ ಓಡುತ್ತಿರುವಾಗ ಕಾರ್ಡಿನ ಫ್ಯಾನಿನ ನಡುವಿನ ಗುಂಡಗಿನ ಭಾಗದ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಇಡಿ, ರೆಕ್ಕೆಗೆ ತಾಗಿಸಬೇಡಿ. ಫ್ಯಾನ್ ನಿಂತ ಆ ಎರಡು ಮೂರು ಸೆಕೆಂಡಿನಲ್ಲಿ ಸದ್ದು ಹೋಯಿತೇ? ಹಾಗಾದರೆ ಅದೇ. ಹೋಗದಿದ್ದರೆ ಸದ್ದು ಪ್ರೊಸೆಸರ್ ಫ್ಯಾನಿನದೋ ಪವರ್ ಸಪ್ಲೈಯದೋ ಇರಬೇಕು.

ಇನ್ನೊಂದು ಸದ್ದಿದೆ. ಗೇಮಿನ ಮೆನು ಪರದೆ ಬಂದಾಗ ಚಿರ್ರ್ ಅಂತ ಕೇಳಿ, ದೃಶ್ಯ ಬದಲಾದ ಹಾಗೆ ಅದರ ಶ್ರುತಿಯೂ ಬದಲಾಗುತ್ತದೆ. ಅದು ಕಾರ್ಡಿನ ಮೇಲಿರುವ ಕಾಯಿಲ್‌ಗಳ ಕಂಪನ. ಫ್ಯಾನಿಗೆ ಏನು ಮಾಡಿದರೂ ಅದು ಹೋಗುವುದಿಲ್ಲ. ಫ್ರೇಮ್ ರೇಟಿಗೆ, ಅಂದರೆ ಕಾರ್ಡ್ ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆಗೆ, ಮಿತಿ ಹಾಕಿದರೆ ಕಡಿಮೆಯಾಗುತ್ತದೆ.

ಗರಗರ, ಕಟಕಟ ಅಂತಿದ್ದರೆ ಬೇರಿಂಗ್ ಒಣಗಿದೆ. ವೇಗ ಇಳಿಸಿದರೆ ಸದ್ದು ಸ್ವಲ್ಪ ದಿನ ಅಡಗುತ್ತದೆ, ರೋಗ ಹಾಗೇ ಇರುತ್ತದೆ. ಫ್ಯಾನಿನ ನಡುವಿನ ಸ್ಟಿಕರ್ ಕೆಳಗೆ ತೂತಿದ್ದರೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಡಿ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಹಾಕಬೇಡಿ, ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಎಣ್ಣೆ ಬಿಟ್ಟರೂ ಸರಿಹೋಗದಿದ್ದರೆ ಫ್ಯಾನ್ ಬದಲಿಸುವುದೇ ದಾರಿ. ಫ್ಯಾನಿನ ಮೇಲಿರುವ ಮಾಡೆಲ್ ನಂಬರ್ ಬರೆದುಕೊಂಡು ಹೋದರೆ ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಹುಡುಕುವುದು ಸುಲಭ. ಅದೇ ನಂಬರ್ ಇಲ್ಲದಿದ್ದರೆ ಅಳತೆ, ಸ್ಕ್ರೂ ತೂತಿನ ಅಂತರ, ವೈರಿನ ಸಂಖ್ಯೆ ಮೂರೂ ಹೊಂದಬೇಕು.

ಏನೂ ಮಾಡುವ ಮೊದಲು ಧೂಳು ತೆಗೆಯಿರಿ. ಹೀಟ್‌ಸಿಂಕಿನ (ಫ್ಯಾನಿನ ಕೆಳಗಿರುವ, ಬಿಸಿ ಹೀರುವ ಲೋಹದ ತುಂಡು) ಸೀಳುಗಳಲ್ಲಿ ಕಂಬಳಿಯ ಹಾಗೆ ಕೂತಿರುತ್ತದೆ. ಬ್ಲೋವರ್ ಹಿಡಿದರೆ ಫ್ಯಾನ್ ಗಿರಗಿರ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿಯಿರಿ. ಮಾವನ ಸ್ಟುಡಿಯೋದ ಕಾರ್ಡಿನಿಂದ ಒಂದು ಹಿಡಿ ಧೂಳು ಬಂತು. ಸದ್ದು ಮಾತ್ರ ಇಳಿಯಲಿಲ್ಲ. ಯಾಕೆ ಅಂತ ವೈರು ನೋಡಿದಾಗ ತಿಳಿಯಿತು.

ವೈರು ಎಣಿಸಿ

ಫ್ಯಾನಿನಿಂದ ಕಾರ್ಡಿಗೆ ಹೋಗುವ ವೈರು ಎಷ್ಟಿವೆ? ಆಯ್ಕೆಯ ಮುಕ್ಕಾಲು ಪಾಲು ಇಲ್ಲೇ ನಿರ್ಧಾರವಾಗುತ್ತದೆ.

ಎರಡೇ ವೈರಿದ್ದರೆ ಒಂದು 12 ವೋಲ್ಟ್, ಒಂದು ಗ್ರೌಂಡ್. ಅಗ್ಗದ ಕಾರ್ಡುಗಳಲ್ಲಿ ಹೆಚ್ಚಾಗಿ ಹೀಗೇ. ಕೆಲವು ಕಾರ್ಡುಗಳು ಈ ವೋಲ್ಟೇಜನ್ನೇ ಏರಿಸಿ ಇಳಿಸಿ ವೇಗ ಬದಲಿಸುತ್ತವೆ, ಹಲವು ಅದನ್ನೂ ಮಾಡುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿ. ಸುಮ್ನೆ ಇದ್ದಾಗಲೂ, ಕೆಲಸ ಜಾಸ್ತಿ ಕೊಟ್ಟಾಗಲೂ 12 ವೋಲ್ಟೇ ತೋರಿಸಿದರೆ ಆ ಫ್ಯಾನಿಗೆ ಯಾವಾಗಲೂ ಪೂರ್ತಿ ವೇಗ. ಸ್ಟುಡಿಯೋದ್ದು ಈ ಜಾತಿ. ಮೂರು ವೈರಿದ್ದರೆ ಮೂರನೆಯದು ಫ್ಯಾನ್ ಎಷ್ಟು ಸುತ್ತುತ್ತಿದೆ ಅಂತ ವರದಿ ಕೊಡುತ್ತದೆ.

ನಾಲ್ಕು ವೈರಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ. ನಾಲ್ಕನೆಯದು ಪಿಡಬ್ಲ್ಯೂಎಂ ವೈರು. 12 ವೋಲ್ಟ್ ಹಾಗೇ ಇರುತ್ತದೆ, ಈ ನಾಲ್ಕನೇ ವೈರಿನಲ್ಲಿ ಬರುವ ಸನ್ನೆ ಫ್ಯಾನಿಗೆ ಎಷ್ಟು ಜೋರಾಗಿ ತಿರುಗಬೇಕು ಅಂತ ಹೇಳುತ್ತದೆ. ಕಂಪ್ಯೂಟರ್ ಫ್ಯಾನುಗಳಿಗೆ ಇಂಟೆಲ್ ಮಾಡಿದ ನಿಯಮದಲ್ಲಿ ಈ ಸನ್ನೆ ಸೆಕೆಂಡಿಗೆ 25 ಸಾವಿರ ಸಲ ಹೋಗಿ ಬರುತ್ತದೆ, ಅಂದರೆ ನಮ್ಮ ಕಿವಿಗೆ ನಿಲುಕುವುದಕ್ಕಿಂತ ಮೇಲೆ. ಈ ಒಂದು ವೈರು ತುಂಡಾದರೆ ಫ್ಯಾನ್ ನಿಲ್ಲುವುದಿಲ್ಲ, ಪೂರ್ತಿ ವೇಗಕ್ಕೆ ಹೋಗುತ್ತದೆ. ಇದ್ದಕ್ಕಿದ್ದಂತೆ ಒಂದು ದಿನ ಫ್ಯಾನ್ ಕೂಗತೊಡಗಿದ್ದರೆ ಮೊದಲು ಆ ಕನೆಕ್ಟರ್ ಸಡಿಲವಾಗಿದೆಯಾ ನೋಡಿ.

ವೇಗ ಸ್ವಲ್ಪ ಇಳಿಸಿದರೂ ಲಾಭ ದೊಡ್ಡದು

ಫ್ಯಾನಿನ ಗಾಳಿ ವೇಗದ ಜೊತೆ ಸಮನಾಗಿ ಇಳಿಯುತ್ತದೆ, ಸದ್ದು ಅದಕ್ಕಿಂತ ಬೇಗ ಇಳಿಯುತ್ತದೆ. ನಿಮಿಷಕ್ಕೆ 3000 ಸುತ್ತಿನಿಂದ 2400ಕ್ಕೆ ತಂದರೆ ಗಾಳಿ ಕಡಿಮೆಯಾಗುವುದು ಐದರಲ್ಲಿ ಒಂದು ಪಾಲು. ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ವೇಗ ಅರ್ಧಕ್ಕೆ ತಂದರೆ ಸುಮಾರು 15 ಡೆಸಿಬೆಲ್. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧ ಆದ ಹಾಗೆ ಕೇಳುತ್ತದೆ. ಹಾಗಾಗಿ ಫ್ಯಾನನ್ನು ತೀರಾ ಕಟ್ಟಿಹಾಕುವ ಅಗತ್ಯವೇ ಇಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕಾಲು ಭಾಗ ಇಳಿಸಿದ್ದರೆ ಸಾಕಾಗಿರುತ್ತದೆ, ಪೂರ್ತಿ ಮೌನ ಬೇಕು ಅಂತ ಹೋಗಿ ಕಾರ್ಡನ್ನು ಬೇಯಿಸುತ್ತಾರೆ.

ನಾಲ್ಕು ವೈರಿನ ಕಾರ್ಡಿಗೆ: ಸಾಫ್ಟ್‌ವೇರ್

ನನ್ನ 1060ಕ್ಕೆ ಬಳಸಿದ್ದು ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಂ. ಬೇರೆ ಕಂಪನಿಯ ಕಾರ್ಡಿಗೂ ನಡೆಯುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ಫ್ಯಾನ್ ಅನ್ನುವ ಪುಟಕ್ಕೆ ಹೋದರೆ ಒಂದು ಗೆರೆ ಕಾಣುತ್ತದೆ. ಅಡ್ಡಕ್ಕೆ ಬಿಸಿ, ಉದ್ದಕ್ಕೆ ಫ್ಯಾನಿನ ವೇಗ. ಗೆರೆಯ ಮೇಲಿನ ಚುಕ್ಕಿಗಳನ್ನು ಎಳೆದು ನಿಮಗೆ ಬೇಕಾದ ಹಾಗೆ ಮಾಡಬಹುದು. ನಾನು 60 ಡಿಗ್ರಿಯವರೆಗೆ ಶೇಕಡಾ 35, 75ಕ್ಕೆ ಶೇಕಡಾ 55, 83 ದಾಟಿದರೆ ಪೂರ್ತಿ ಅಂತ ಇಟ್ಟಿದ್ದೇನೆ. 83 ಯಾಕೆಂದರೆ ಆ ಪೀಳಿಗೆಯ ಎನ್‌ವಿಡಿಯಾ ಕಾರ್ಡುಗಳು ತಾವಾಗಿಯೇ ಇಟ್ಟುಕೊಳ್ಳುವ ಗುರಿ ಅದು. ಅದನ್ನು ಮುಟ್ಟಿದರೆ ಕಾರ್ಡ್ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ.

ಅದೇ ಪುಟದಲ್ಲಿ ಹಿಸ್ಟೆರಿಸಿಸ್ ಅಂತ ಒಂದು ಸಣ್ಣ ಖಾನೆ ಇದೆ. ಯಾರೂ ಅದನ್ನು ಗಮನಿಸುವುದಿಲ್ಲ. ಕಿವಿಗೆ ಅತಿ ಹೆಚ್ಚು ನೆಮ್ಮದಿ ಕೊಡುವುದು ಅದೇ. ಬಿಸಿ 60, 61, 60 ಅಂತ ಆಡುತ್ತಿದ್ದರೆ ಫ್ಯಾನೂ ಏರಿ ಇಳಿದು ಗುಂಯ್, ಮೌನ, ಗುಂಯ್ ಅನ್ನುತ್ತಿರುತ್ತದೆ. ಒಂದೇ ಸಮನೆಯ ಸದ್ದಿಗಿಂತ ಹೀಗೆ ಏರಿಳಿಯುವ ಸದ್ದೇ ಜಾಸ್ತಿ ಕಾಡುತ್ತದೆ ಅಲ್ವಾ? ಆ ಖಾನೆಯಲ್ಲಿ 4 ಅಥವಾ 5 ಡಿಗ್ರಿ ಹಾಕಿದರೆ, ಬಿಸಿ ಅಷ್ಟು ಇಳಿಯುವ ತನಕ ಫ್ಯಾನ್ ತನ್ನ ವೇಗ ಬಿಡುವುದಿಲ್ಲ.

ಎಎಮ್‌ಡಿ ಕಾರ್ಡಿದ್ದರೆ ಅದರ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲೇ ಈ ಗೆರೆ ಇದೆ. ಲಿನಕ್ಸ್ ಬಳಸುವವರಿಗೆ ಲ್ಯಾಕ್ಟ್, ಕೋರ್‌ಕಂಟ್ರೋಲ್ ಇವೆ.

ಸಾಫ್ಟ್‌ವೇರಿನ ದೊಡ್ಡ ಗುಣ ಅಂದರೆ, ಅದು ಇಲ್ಲದೆ ಕಂಪ್ಯೂಟರ್ ಆನ್ ಆದರೆ ಕಾರ್ಡ್ ತನ್ನ ಮೂಲ ಕ್ರಮದಲ್ಲೇ ನಡೆಯುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಿರಿ, ಪ್ರೋಗ್ರಾಂ ಹಾಕಲು ಮರೆತಿರಿ ಅಂದುಕೊಳ್ಳಿ. ಸದ್ದು ವಾಪಸ್ ಬರುತ್ತದೆ ಅಷ್ಟೇ, ಕಾರ್ಡಿಗೆ ಏನೂ ಆಗುವುದಿಲ್ಲ. ಕೊರತೆಯೂ ಒಂದಿದೆ. ಹಲವು ಕಾರ್ಡುಗಳು ಶೇಕಡಾ 30ರ ಆಸುಪಾಸಿಗಿಂತ ಕೆಳಗೆ ಫ್ಯಾನನ್ನು ಇಳಿಸಲು ಬಿಡುವುದಿಲ್ಲ. ನಿಮಗೆ ಆ 30ರ ಸದ್ದೇ ತೊಂದರೆ ಅಂದರೆ ಸಾಫ್ಟ್‌ವೇರಿನಿಂದ ಆಗುವ ಕೆಲಸವಲ್ಲ.

ಇದರ ಜೊತೆಗೇ ಮಾಡಬೇಕಾದದ್ದು ಬಿಸಿಯನ್ನೇ ಕಡಿಮೆ ಮಾಡುವುದು. ಆಫ್ಟರ್‌ಬರ್ನರಿನ ಮೊದಲ ಪರದೆಯಲ್ಲೇ ಪವರ್ ಲಿಮಿಟ್ ಇದೆ, ಕಾರ್ಡ್ ಎಷ್ಟು ವಿದ್ಯುತ್ ಎಳೆಯಬಹುದು ಅನ್ನುವ ಮಿತಿ. 1060 ಕಾರ್ಡ್ 120 ವ್ಯಾಟ್‌ನದು. ಶೇಕಡಾ 80ಕ್ಕೆ ಇಳಿಸಿದರೆ 96 ವ್ಯಾಟ್. 24 ವ್ಯಾಟ್ ಬಿಸಿಯನ್ನು ಹೊರಗೆ ಊದುವ ಕೆಲಸವೇ ಫ್ಯಾನಿಗೆ ತಪ್ಪಿತು. ನಾನಾಡುವ ಗೇಮುಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣಲಿಲ್ಲ. ಮಾನಿಟರ್ 60 ಹರ್ಟ್ಸ್‌ನದಾದರೆ ಫ್ರೇಮ್ ರೇಟನ್ನೂ 60ಕ್ಕೆ ನಿಲ್ಲಿಸಿ. ಪರದೆ ತೋರಿಸಲಾರದ ಚಿತ್ರಗಳನ್ನು ಬಿಡಿಸಿ ಕಾರ್ಡ್ ಬೆವರುವುದು ಯಾಕೆ? ನಾಲ್ಕು ವೈರಿನ ಕಾರ್ಡ್ ಇರುವವರಲ್ಲಿ ಹೆಚ್ಚಿನವರು ಇಷ್ಟಕ್ಕೇ ನಿಲ್ಲಬಹುದು.

ಎರಡು ವೈರಿನ ಕಾರ್ಡಿಗೆ: ವೇಗ ಇಳಿಸುವ ದಾರಿಗಳು

ಇಲ್ಲಿ ಸಾಫ್ಟ್‌ವೇರ್ ಹಾಕಿ ನೋಡಿದರೆ ಫ್ಯಾನಿನ ಸೆಟ್ಟಿಂಗ್ ಮಂಕಾಗಿ ಕೂತಿರುತ್ತದೆ, ಮುಟ್ಟಲು ಬರುವುದಿಲ್ಲ. ವೋಲ್ಟೇಜನ್ನೇ ಇಳಿಸಬೇಕು. ಅದಕ್ಕೆ ನಾಲ್ಕೈದು ದಾರಿ ಇವೆ.

ಹಳೆಯ ಉಪಾಯ ಅಂದರೆ 7 ವೋಲ್ಟಿನದು. ಪವರ್ ಸಪ್ಲೈಯ ದೊಡ್ಡ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ವೈರು 12 ವೋಲ್ಟ್, ಕೆಂಪು 5 ವೋಲ್ಟ್. ಫ್ಯಾನಿನ ಎರಡು ತುದಿಗಳನ್ನು ಇವೆರಡರ ನಡುವೆ ಸಿಕ್ಕಿಸಿದರೆ ವ್ಯತ್ಯಾಸ 7 ವೋಲ್ಟ್. ಒಂದು ಪೈಸೆ ಖರ್ಚಿಲ್ಲ. ನಾನು ಇದನ್ನು ಬೇಡ ಅನ್ನುತ್ತೇನೆ. ಫ್ಯಾನ್ ಒಳಗೆ ಶಾರ್ಟ್ ಆದರೆ 12 ವೋಲ್ಟ್ ನೇರವಾಗಿ 5 ವೋಲ್ಟಿನ ಸಾಲಿಗೆ ನುಗ್ಗುತ್ತದೆ. ಆ ಸಾಲಿನಲ್ಲೇ ನಿಮ್ಮ ಹಾರ್ಡ್ ಡಿಸ್ಕ್ ಇದೆ. ಫೋಟೋ ಸ್ಟುಡಿಯೋದ ಹಾರ್ಡ್ ಡಿಸ್ಕ್‌ನಲ್ಲಿ ಯಾರ್ಯಾರ ಮದುವೆ ಇರುತ್ತದೋ, ಆ ಅಪಾಯಕ್ಕೆ ಕೈ ಹಾಕಲೇಬಾರದು. ಬರೀ 5 ವೋಲ್ಟಿಗೆ ಜೋಡಿಸುವುದು ಇದಕ್ಕಿಂತ ಸುರಕ್ಷಿತ, ಆದರೆ 12 ವೋಲ್ಟಿನ ಎಷ್ಟೋ ಫ್ಯಾನುಗಳು 5ರಲ್ಲಿ ಹೊರಡುವುದೇ ಇಲ್ಲ.

ಎರಡನೆಯದು ರೆಸಿಸ್ಟರ್. ನಮ್ಮ ಮನೆಗಳಲ್ಲಿ ಹಿಂದೆ ಸೀಲಿಂಗ್ ಫ್ಯಾನಿಗೆ ದಪ್ಪ ಡಬ್ಬಿಯ ರೆಗ್ಯುಲೇಟರ್ ಇರುತ್ತಿತ್ತು. ಒಂದರಲ್ಲಿ ಇಟ್ಟರೆ ಡಬ್ಬಿ ಬೆಚ್ಚಗಾಗುತ್ತಿತ್ತು, ನೆನಪಿದೆಯಾ? ಫ್ಯಾನಿಗೆ ಹೋಗದ ಕರೆಂಟು ಅಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಇಲ್ಲೂ ಅದೇ ಲೆಕ್ಕ. ಮಾವನ ಕಾರ್ಡಿನ ಫ್ಯಾನಿನ ಮೇಲೆ 12 ವೋಲ್ಟ್, 0.15 ಆಂಪಿಯರ್ ಅಂತಿತ್ತು. 12ನ್ನು 0.15ರಿಂದ ಭಾಗಿಸಿದರೆ 80 ಓಮ್. ಫ್ಯಾನಿಗೆ 12 ವೋಲ್ಟ್ ತರುವ ವೈರಿನ ನಡುವೆ 39 ಓಮ್ ರೆಸಿಸ್ಟರ್ ಹಾಕಿದರೆ ಫ್ಯಾನಿಗೆ ಸಿಗುವುದು ಸುಮಾರು 8 ವೋಲ್ಟ್. ರೆಸಿಸ್ಟರ್ ನುಂಗುವುದು ಸುಮಾರು 0.4 ವ್ಯಾಟ್. ನಾನು ಮೊದಲ ಸಲ ಕೈಗೆ ಸಿಕ್ಕ ಕಾಲು ವ್ಯಾಟಿನ ರೆಸಿಸ್ಟರ್ ಹಾಕಿದ್ದೆ. ಒಂದು ಗಂಟೆಗೆ ಸುಟ್ಟ ವಾಸನೆ ಬಂತು, ಅದರ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಸ್ಲೀವ್ ಕಂದು ತಿರುಗಿತ್ತು. ಕನಿಷ್ಠ 2 ವ್ಯಾಟಿನದು ಹಾಕಿ, ಬಿಳಿ ಸಿಮೆಂಟಿನ 5 ವ್ಯಾಟಿನದಾದರೆ ಇನ್ನೂ ಒಳ್ಳೆಯದು. ಫ್ಯಾನ್ ಬರೀ ರೆಸಿಸ್ಟರ್ ಹಾಗೆ ವರ್ತಿಸುವುದಿಲ್ಲ, ಈ ಲೆಕ್ಕ ಅಂದಾಜು. ಹಾಕಿದ ಮೇಲೆ ಮೀಟರ್ ಇಟ್ಟು ನೋಡಲೇಬೇಕು.

ಡಯೋಡ್ ಸಾಲು ರೆಸಿಸ್ಟರಿಗಿಂತ ಮೇಲು. 1ಎನ್ 4007 ಅನ್ನುವ ಡಯೋಡ್ ಒಂದೊಂದೂ ಸುಮಾರು 0.7 ವೋಲ್ಟ್ ಇಳಿಸುತ್ತದೆ, ಐದು ಜೋಡಿಸಿದರೆ ಮೂರೂವರೆ. ಫ್ಯಾನ್ ಎಷ್ಟು ಕರೆಂಟು ಎಳೆದರೂ ಈ ಇಳಿತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೆಸಿಸ್ಟರ್ ಹಾಗಲ್ಲ. ಹೊರಡುವಾಗ ಫ್ಯಾನ್ ಜಾಸ್ತಿ ಕರೆಂಟು ಕೇಳುತ್ತದೆ, ಸರಿಯಾಗಿ ಆಗಲೇ ರೆಸಿಸ್ಟರ್ ವೋಲ್ಟೇಜನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ.

ತಿರುಗಿಸುವ ಗುಂಡಿ ಇರುವ ಸಿದ್ಧ ರೆಗ್ಯುಲೇಟರ್ ಬೇಕು ಅನ್ನುವವರಿಗೆ ಝಲ್ಮನ್ ಕಂಪನಿಯ ಫ್ಯಾನ್ ಮೇಟ್ 2 ಅನ್ನುವುದು ಹಳಬರಿಗೆಲ್ಲ ಗೊತ್ತು. ಸುಮಾರು 5ರಿಂದ 11 ವೋಲ್ಟ್ ಕೊಡುತ್ತದೆ. ಅದೇ ಮಾದರಿಯವು ಬೇರೆ ಹೆಸರಲ್ಲೂ ಸಿಗುತ್ತವೆ. ಕಾರ್ಡಿನ ಫ್ಯಾನಿನ ಕನೆಕ್ಟರ್ ಚಿಕ್ಕದು, ಇವುಗಳದು ದೊಡ್ಡದು. ವೈರು ಕತ್ತರಿಸಿ ಬೆಸುಗೆ ಹಾಕಿ ಪ್ಲಾಸ್ಟಿಕ್ ಸ್ಲೀವ್‌ನಿಂದ ಮುಚ್ಚಬೇಕು.

ನಾನು ಕೊನೆಗೆ ಸ್ಟುಡಿಯೋಗೆ ಮಾಡಿದ್ದು ಎಲ್‌ಎಂ 317. ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿ ಕೊಡುವ ಮೂರು ಕಾಲಿನ ಐಸಿ, ಎಲೆಕ್ಟ್ರಾನಿಕ್ಸ್ ಕಲಿತವರೆಲ್ಲ ಮುಟ್ಟಿರುತ್ತಾರೆ. ಔಟ್‌ಪುಟ್ ಕಾಲಿನಿಂದ ಅಡ್ಜಸ್ಟ್ ಕಾಲಿಗೆ 240 ಓಮ್. ಅಡ್ಜಸ್ಟ್‌ನಿಂದ ಗ್ರೌಂಡಿಗೆ 820 ಓಮ್, ಅದರ ಸಾಲಿಗೇ 1 ಕಿಲೋ ಓಮ್ ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್). ಆ 820 ಓಮ್ ಬಿಡಬೇಡಿ. ಅದಿಲ್ಲದಿದ್ದರೆ ಪ್ರಿಸೆಟ್ಟನ್ನು ಪೂರ್ತಿ ತಿರುಗಿಸಿದಾಗ ವೋಲ್ಟೇಜ್ 1.25ಕ್ಕೆ ಇಳಿದು ಫ್ಯಾನ್ ನಿಂತೇಹೋಗುತ್ತದೆ. ಅದಿದ್ದರೆ ಯಾರು ಎಷ್ಟೇ ತಿರುಗಿಸಲಿ, 5.5ಕ್ಕಿಂತ ಕೆಳಗೆ ಹೋಗುವುದಿಲ್ಲ. ಐಸಿಯ ಬೆನ್ನಿನ ಲೋಹದ ತಗಡು ಔಟ್‌ಪುಟ್ಟಿಗೇ ಕೂಡಿರುತ್ತದೆ, ಕ್ಯಾಬಿನೆಟ್ಟಿಗೆ ತಾಗದಂತೆ ಸುತ್ತಿ ಇಡಿ. ಅರ್ಧ ವ್ಯಾಟಿಗೆ ಹೀಟ್‌ಸಿಂಕ್ ಬೇಕಾಗಿಲ್ಲ. 12 ವೋಲ್ಟ್ ಕೊಟ್ಟರೂ ಮೇಲುಗಡೆ ಹತ್ತರ ಆಸುಪಾಸಿಗಿಂತ ಜಾಸ್ತಿ ಸಿಗುವುದಿಲ್ಲ, ಅಷ್ಟು ಐಸಿಯೇ ಇಟ್ಟುಕೊಳ್ಳುತ್ತದೆ.

ಕೊಳ್ಳಬಾರದ ಒಂದನ್ನೂ ಹೇಳುತ್ತೇನೆ. ಆನ್‌ಲೈನಿನಲ್ಲಿ 12 ವೋಲ್ಟ್ ಮೋಟರ್ ಸ್ಪೀಡ್ ಕಂಟ್ರೋಲರ್ ಅಂತ ಅಗ್ಗದ ಬೋರ್ಡ್ ಬರುತ್ತದೆ. ಅದು ವಿದ್ಯುತ್ತನ್ನೇ ತುಂಡು ತುಂಡು ಮಾಡಿ ಕೊಡುತ್ತದೆ. ಆಟಿಕೆ ಕಾರಿನ ಮೋಟರಿಗೆ ಸರಿ. ಕಂಪ್ಯೂಟರ್ ಫ್ಯಾನಿನೊಳಗೆ ತನ್ನದೇ ಎಲೆಕ್ಟ್ರಾನಿಕ್ಸ್ ಇರುತ್ತದೆ, ಅದಕ್ಕೆ ಇದು ಒಗ್ಗುವುದಿಲ್ಲ. ಗಾಳಿಯ ಸದ್ದು ಹೋಗಿ ಟಿಕ್‌ಟಿಕ್, ಝುಂಯ್ ಅನ್ನುವ ಹೊಸ ಸದ್ದು ಬರುತ್ತದೆ.

ನಾಲ್ಕು ವೈರಿನ ಫ್ಯಾನಿಗೆ ಗುಂಡಿ ಬೇಕೇಬೇಕು ಅಂದರೆ ನಾಲ್ಕನೇ ವೈರಿಗೆ ಮಾತ್ರ ಸನ್ನೆ ಕೊಡುವ ಪಿಡಬ್ಲ್ಯೂಎಂ ರೆಗ್ಯುಲೇಟರ್ ಬೇರೆ ಇದೆ. ನೊಕ್ಟುವಾದ ಎನ್‌ಎ-ಎಫ್‌ಸಿ1 ಆ ಬಗೆಯದು. ಬಿಸಿ ಅಳೆಯುವ ಸಣ್ಣ ವೈರು ಜೊತೆಗಿರುವ ಬೋರ್ಡುಗಳೂ ಸಿಗುತ್ತವೆ. ಆ ತುದಿಯನ್ನು ಹೀಟ್‌ಸಿಂಕಿನ ಸೀಳಿನಲ್ಲಿ ಸಿಕ್ಕಿಸಿದರೆ ಬಿಸಿಗೆ ತಕ್ಕಂತೆ ಫ್ಯಾನ್ ತಿರುಗುತ್ತದೆ. ಬರೀ ಗುಂಡಿಗಿಂತ ನನಗೆ ಇದೇ ಮೇಲು ಅನ್ನಿಸುತ್ತದೆ.

ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕು

ಪ್ರಿಸೆಟ್ ತಿರುಗಿಸಿ 8 ವೋಲ್ಟಿಗೆ ತಂದಾಗ ಸ್ಟುಡಿಯೋದಲ್ಲಿ ಆ ಕುಂಯ್ ನಿಂತಿತು. ಮಾವ ಎದ್ದು ಬಂದು ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟರು. "ಇದು ಬಿಸಿ ಆಗಲ್ವೇನೋ?" ಅಂದರು. ಕೇಳಬೇಕಾದ ಪ್ರಶ್ನೆ ಅದೇ. ಕಾರ್ಡಿನ ಬಿಸಿ ತೋರಿಸುವ ಜಿಪಿಯು-ಝಡ್ ಪ್ರೋಗ್ರಾಂ ತೆರೆದು ತೋರಿಸಿದೆ. ದೊಡ್ಡ ಆಲ್ಬಂ ಫೈಲ್ ತೆರೆದು ಅರ್ಧ ಗಂಟೆ ಕೆಲಸ ಮಾಡಿಸಿದಾಗ 58 ಡಿಗ್ರಿ. ಜಿಟಿ 710 ಬರೀ 19 ವ್ಯಾಟಿನ ಕಾರ್ಡ್, ಇದೇ ಕಾರ್ಡ್ ಫ್ಯಾನ್ ಇಲ್ಲದೆ ದೊಡ್ಡ ಹೀಟ್‌ಸಿಂಕಿನ ಜೊತೆಯೂ ಮಾರಾಟಕ್ಕಿದೆ. ಇಷ್ಟು ಕಡಿಮೆ ಬಿಸಿಯ ಕಾರ್ಡಿಗೆ ಕಣ್ಣಿಲ್ಲದ ರೆಗ್ಯುಲೇಟರ್ ನಡೆಯುತ್ತದೆ. 120 ವ್ಯಾಟಿನ ನನ್ನ ಕಾರ್ಡಿಗೆ ಹೀಗೆ ಮಾಡಿದ್ದರೆ, ಗೇಮ್ ಜೋರಾದಾಗಲೂ ಫ್ಯಾನ್ ಅದೇ 8 ವೋಲ್ಟಿನಲ್ಲಿ ತಿರುಗುತ್ತಾ ಕೂತಿರುತ್ತಿತ್ತು.

ಊರೂ ಮುಖ್ಯ. ಫ್ಯಾನಿನ ವೇಗ ಒಂದೇ ಇದ್ದರೆ ಕೋಣೆಯ ಬಿಸಿ ಎಷ್ಟು ಏರುತ್ತದೋ ಕಾರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಜನವರಿಯಲ್ಲಿ ಬೆಂಗಳೂರಿನ 24 ಡಿಗ್ರಿ ಕೋಣೆಯಲ್ಲಿ ಕಾರ್ಡ್ 70 ಇದ್ದರೆ, ಏಪ್ರಿಲ್‌ನಲ್ಲಿ ರಾಯಚೂರಿನ 38 ಡಿಗ್ರಿ ಕೋಣೆಯಲ್ಲಿ ಅದೇ ಕಾರ್ಡ್ 84ಕ್ಕೆ ಬರುತ್ತದೆ. ಗುಂಡಿಯನ್ನು ಬೇಸಿಗೆಯ ಮಧ್ಯಾಹ್ನ ನೋಡಿ ನಿಲ್ಲಿಸಬೇಕು, ಚಳಿಗಾಲದ ರಾತ್ರಿ ಅಲ್ಲ.

ದೊಡ್ಡ ಫ್ಯಾನ್ ಕಟ್ಟುವುದು

ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ, ಫ್ಯಾನು ಎರಡನ್ನೂ ಬಿಚ್ಚಿ, ಹೀಟ್‌ಸಿಂಕಿನ ಮೇಲೆ 120 ಮಿಲಿಮೀಟರಿನ ಎರಡು ಕ್ಯಾಬಿನೆಟ್ ಫ್ಯಾನುಗಳನ್ನು ಕೇಬಲ್ ಟೈಯಿಂದ ಕಟ್ಟುವವರಿದ್ದಾರೆ. ದೊಡ್ಡ ರೆಕ್ಕೆ, ನಿಧಾನ ಸುತ್ತು, ಗಾಳಿ ಧಾರಾಳ. ಹೆಚ್ಚು ವ್ಯಾಟಿನ ಕಾರ್ಡಿಗೆ ಇಷ್ಟು ತಂಪು ಮತ್ತು ಮೌನ ಎರಡೂ ಕೊಡುವ ದಾರಿ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ವಾರಂಟಿ ಇದ್ದರೆ ಮಾಡಬೇಡಿ. ಫ್ಯಾನ್ 25 ಮಿಲಿಮೀಟರ್ ದಪ್ಪ, ಕಾರ್ಡಿನ ಕೆಳಗೆ ಅಷ್ಟು ಜಾಗ ಇದೆಯಾ ಅಳೆಯಿರಿ. ಇಲ್ಲದಿದ್ದರೆ 15 ಮಿಲಿಮೀಟರಿನ ತೆಳು ಫ್ಯಾನ್ ತನ್ನಿ.

ಕಾರ್ಡಿನ ಚಿಕ್ಕ ನಾಲ್ಕು ಪಿನ್ನಿನಿಂದ ಮಾಮೂಲು ನಾಲ್ಕು ಪಿನ್ನಿಗೆ ಹೋಗುವ ಅಡಾಪ್ಟರ್ ವೈರು ಸಿಗುತ್ತದೆ. ಅದನ್ನು ಹಾಕಿದರೆ ಫ್ಯಾನ್ ಕಾರ್ಡಿನ ಹತೋಟಿಯಲ್ಲೇ ಇರುತ್ತದೆ. ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಎಚ್ಚರ. ಮದರ್‌ಬೋರ್ಡಿನ ಬಯೋಸ್ (ಅದರೊಳಗೇ ಇರುವ ಮೂಲ ಪ್ರೋಗ್ರಾಂ) ಸಾಮಾನ್ಯವಾಗಿ ಪ್ರೊಸೆಸರ್ ಬಿಸಿಯನ್ನು ನೋಡಿ ಫ್ಯಾನ್ ತಿರುಗಿಸುತ್ತದೆ, ಕಾರ್ಡಿನ ಬಿಸಿ ಅದಕ್ಕೆ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ಪ್ರೋಗ್ರಾಂ, ಲಿನಕ್ಸ್‌ನಲ್ಲಿ ಕೂಲರ್‌ಕಂಟ್ರೋಲ್ ಕಾರ್ಡಿನ ಬಿಸಿಯನ್ನೂ ಮದರ್‌ಬೋರ್ಡಿನ ಫ್ಯಾನನ್ನೂ ಬೆಸೆಯುತ್ತವೆ.

ಒಂದೇ ಕೊನೆಯಲ್ಲಿ ಉರುಳೆಯಂಥ ಫ್ಯಾನಿದ್ದು ಗಾಳಿಯನ್ನು ಹಿಂದಿನಿಂದ ಹೊರಗೆ ತಳ್ಳುವ ಬ್ಲೋವರ್ ಕಾರ್ಡುಗಳಿಗೆ ಈ ಉಪಾಯಗಳು ಅಷ್ಟಾಗಿ ದಕ್ಕುವುದಿಲ್ಲ. 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ತನ್ನ ಸದ್ದಿನಿಂದ ಡಸ್ಟ್‌ಬಸ್ಟರ್ (ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಕ್ಲೀನರಿನ ಹೆಸರು) ಅನ್ನಿಸಿಕೊಂಡಿತು. 2013ರ ರೇಡಿಯಾನ್ ಆರ್9 290ಎಕ್ಸ್ 95 ಡಿಗ್ರಿಯಲ್ಲಿ ಓಡಲೆಂದೇ ಮಾಡಿದ್ದು. ಅಂಥವುಗಳಿಗೆ ಪವರ್ ಲಿಮಿಟ್ ಇಳಿಸುವುದೇ ಮೊದಲ ಮದ್ದು.

ಮುಗಿಸಿದ ಮೇಲೆ ಒಂದು ಪರೀಕ್ಷೆ

ಯಾವ ರೆಗ್ಯುಲೇಟರ್ ಹಾಕಿದರೂ ಕಂಪ್ಯೂಟರನ್ನು ರಾತ್ರಿ ಪೂರ್ತಿ ಆಫ್ ಮಾಡಿ ಬೆಳಗ್ಗೆ ತಣ್ಣಗಿರುವಾಗ ಆನ್ ಮಾಡಿ, ಪಕ್ಕದ ತಗಡು ತೆಗೆದು ನೋಡಿ. ತಿರುಗುತ್ತಿರುವ ಫ್ಯಾನ್ 6 ವೋಲ್ಟಿನಲ್ಲೂ ತಿರುಗುತ್ತಲೇ ಇರಬಹುದು, ನಿಂತ ಫ್ಯಾನ್ ಹೊರಡಲು ಅದಕ್ಕಿಂತ ಜಾಸ್ತಿ ಬೇಕು. ಎಣ್ಣೆ ಗಟ್ಟಿಯಾದ ಹಳೆಯ ಫ್ಯಾನಾದರೆ ಇನ್ನೂ ಜಾಸ್ತಿ. ಸ್ಟುಡಿಯೋದ ಫ್ಯಾನ್ 7ರಲ್ಲಿ ಬೆಳಗ್ಗೆ ಒಮ್ಮೆ ತಡವರಿಸಿತು, ಅದಕ್ಕೇ 8ರಲ್ಲಿ ಬಿಟ್ಟೆ. ಪ್ರಿಸೆಟ್ಟಿನ ಆ ಜಾಗಕ್ಕೆ ಕೆಂಪು ನೇಲ್ ಪಾಲಿಷ್‌ನಿಂದ ಒಂದು ಚುಕ್ಕೆ ಇಟ್ಟಿದ್ದೇನೆ. ಸಿಸ್ಟಮ್ ಸರ್ವಿಸ್‌ಗೆ ಬರುವ ಹುಡುಗ ಅಪ್ಪಿತಪ್ಪಿ ತಿರುಗಿಸಿದರೂ ಎಲ್ಲಿಗೆ ವಾಪಸ್ ತರಬೇಕು ಅಂತ ಮಾವನಿಗೆ ಗೊತ್ತು.